ತಕ್ಕಡಿ ಅಂಗಡಿಯ ಅಕ್ಕನಿಗೆ ನರ್ಸ್ ಕೇಳಿದ ಪ್ರಶ್ನೆ

ಒಂದಾನೊಂದು ಊರಿನಲ್ಲಿ ಒಬ್ಬ ತಕ್ಕಡಿ ರಿಪೇರಿಯವನಿದ್ದ. ಅರಮನೆಯಲ್ಲಿ ಚಿನ್ನ ತೂಗುವ ತಕ್ಕಡಿಯಲ್ಲ. ಬೀದಿಯಲ್ಲಿ ಈರುಳ್ಳಿ, ಮೊಳೆ, ಹಳೇ ಪೇಪರು ತೂಗುವ ತಕ್ಕಡಿ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಕಾಲ ಬಂದಾಗ ಅವನು ಕಣ್ಣು ಮುಚ್ಚಿದ, ಅಂಗಡಿ ಹೆಣ್ಣುಮಕ್ಕಳ ಕೈಗೆ ಬಂತು. ಅದರ ಜೊತೆ ಅಪ್ಪನ ಒಂದು ಕಟ್ಟಪ್ಪಣೆಯೂ ಬಂತು: ಮುಳ್ಳು ನಿಲ್ಲುವ ತನಕ ಬಾಯಿ ಬಿಡಬಾರದು. ತಟ್ಟೆಯಲ್ಲಿ ಸಾಮಾನು ಇಟ್ಟ ಕೂಡಲೇ ಮುಳ್ಳು ಆ ಕಡೆ ಈ ಕಡೆ ಓಲಾಡುತ್ತದೆ. ಎಷ್ಟಾಯ್ತು, ಎಷ್ಟಾಯ್ತು ಎಂದು ಗಿರಾಕಿ ಜೀವ ತಿನ್ನುತ್ತಾನೆ. ತಿನ್ನಲಿ. ಮುಳ್ಳು ನಿಂತ ಮೇಲೆಯೇ ಮಾತು. ಅದಕ್ಕೆ ಮೊದಲು ಹೇಳಿದ್ದೆಲ್ಲ ಸುಳ್ಳು ತೂಕ.

ಕಥೆಗಳಲ್ಲಿ ಇಂಥ ಅಕ್ಕತಂಗಿಯರ ಮನೆಗೆ ರಾಜಕುಮಾರ ಬರಬೇಕು. ಇವರ ಮನೆಗೆ ಬಂದದ್ದು ದೊಡ್ಡಮ್ಮ. ಒಂದು ಟ್ರಂಕು, ಓದುವುದಕ್ಕೊಂದು ನೋಡುವುದಕ್ಕೊಂದು ಕನ್ನಡಕ, ಮತ್ತು ಲೋಕದ ಎಲ್ಲ ವಿಷಯಕ್ಕೂ ಒಂದೊಂದು ಅಭಿಪ್ರಾಯ ಹೊತ್ತುಕೊಂಡು ಬಂದ ದೊಡ್ಡಮ್ಮ, ಮತ್ತೆ ಹೊರಡಲಿಲ್ಲ.

ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಸರಿ ಇರಲಿಲ್ಲ. ಯಾವಾಗ ಬದಲಾಯಿತು ಎಂದು ಕೇಳಿದರೆ ತಂಗಿಗೆ ಹೇಳಲು ಬರುತ್ತಿರಲಿಲ್ಲ. ಅಕ್ಕ ಮೊದಲು ಊಟ ಕಡಿಮೆ ಮಾಡಿದಳು. ನಂತರ ನಿದ್ದೆ ಬಿಟ್ಟಳು. ಅಂಗಡಿಯಲ್ಲಿ ಬಿಚ್ಚಿದ ತಕ್ಕಡಿಯ ಮುಂದೆ ಸ್ಪ್ರಿಂಗ್ ಹಿಡಿದುಕೊಂಡು ಕುಳಿತರೆ ಕುಳಿತೇ ಇರುತ್ತಿದ್ದಳು. ಒಂದು ದಿನ, ಯಾರಿಗೂ ಮುಟ್ಟಲು ಕೊಡದ ತನ್ನ ಸಣ್ಣ ಸ್ಕ್ರೂಡ್ರೈವರುಗಳನ್ನು ಬಟ್ಟೆಯಲ್ಲಿ ಸುತ್ತಿ ತಂಗಿಯ ಮಡಿಲಿಗೆ ಹಾಕಿದಳು.

"ಇನ್ನು ನಿನ್ನವು."

"ಯಾಕೆ? ನಿನಗೆ ಬೇಡ್ವಾ?"

"ನಾನಿಲ್ಲದಿದ್ರೂ ನಿನಗೆ ಅಂಗಡಿ ನಡೆಸೋಕೆ ಬರುತ್ತೆ."

ತಂಗಿಗೆ ಖುಷಿಯೂ ಆಯಿತು, ದಿಗಿಲೂ ಆಯಿತು. ಅಕ್ಕ ಎಲ್ಲಿಗಾದರೂ ಹೊರಟಿದ್ದಾಳೆಯೇ? ಬೇರೆ ಕೆಲಸ ಸಿಕ್ಕಿದೆಯೇ? ಗುಟ್ಟಾಗಿ ಯಾರನ್ನಾದರೂ ಇಷ್ಟಪಟ್ಟಿದ್ದಾಳೆಯೇ? ತಲೆ ಎಲ್ಲಾ ಕಡೆ ಓಡಿತು, ಓಡಬೇಕಾದ ಒಂದು ಕಡೆ ಬಿಟ್ಟು.

ದೊಡ್ಡಮ್ಮ ಅಕ್ಕನನ್ನು ಬೀದಿ ಕೊನೆಯ ದವಾಖಾನೆಗೆ ಕರೆದುಕೊಂಡು ಹೋದಳು. ಡಾಕ್ಟರರು ಅಕ್ಕನ ನಾಡಿ ನೋಡಿ, ಮುಖ ನೋಡಿ, ದೊಡ್ಡಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ ಬನ್ನಿ ಎಂದರು. ದೊಡ್ಡಮ್ಮ ಮನೆಗೆ ಬರುವಷ್ಟರಲ್ಲಿ ಅರ್ಧ ಬೀದಿಗೆ ಕೇಳಿಸುವ ಹಾಗೆ ನಿಟ್ಟುಸಿರು ಬಿಟ್ಟಿದ್ದಳು. ಅದನ್ನು ಕೇಳಿಸಿಕೊಂಡ ಪಕ್ಕದ ಬೇಕರಿಯಮ್ಮ ಹಿಟ್ಟಿನ ಕೈಯಲ್ಲೇ ಅಂಗಡಿಗೆ ಬಂದಳು.

"ಹೋಗಿ, ಬೇಡ ಅನ್ನಲ್ಲ. ಆದ್ರೆ ಅಲ್ಲಿ ಒಂದು ಪ್ರಶ್ನೆ ಕೇಳ್ತಾರೆ, ಹುಷಾರು. ನಮ್ಮ ಕಡೆ ಒಬ್ಬರನ್ನ ಕೇಳಿದ್ರಂತೆ. ಹೌದು ಅಂದ್ರೆ ಮುಗೀತು, ಮನೆಗೆ ಕಳಿಸಲ್ಲ. ಇಲ್ಲ ಅನ್ನಬೇಕು."

"ಯಾವ ಪ್ರಶ್ನೆ?" ಎಂದಳು ತಂಗಿ.

ಬೇಕರಿಯಮ್ಮ ಆ ಕಡೆ ಈ ಕಡೆ ನೋಡಿದಳು. "ಅದೇ. ಗೊತ್ತಲ್ಲ."

ತಂಗಿಗೆ ಗೊತ್ತಿರಲಿಲ್ಲ. ಗೊತ್ತಿತ್ತು ಕೂಡ.

ಹಾಗಾಗಿ ಆಸ್ಪತ್ರೆಗೆ ಹೋಗುವ ಹಿಂದಿನ ದಿನ ತಕ್ಕಡಿ ಅಂಗಡಿಯಲ್ಲಿ ಪರೀಕ್ಷೆಗೆ ತಯಾರಿ ನಡೆಯಿತು. ದೊಡ್ಡಮ್ಮ ನೋಡುವ ಕನ್ನಡಕ ಹಾಕಿಕೊಂಡು ಸ್ಟೂಲಿನ ಮೇಲೆ ಡಾಕ್ಟರಾಗಿ ಕುಳಿತಳು. ಅಕ್ಕನನ್ನು ಎದುರು ಕೂರಿಸಿದರು.

"ಏನಮ್ಮಾ, ಹೇಗಿದ್ದೀಯ?"

"ಚೆನ್ನಾಗಿದ್ದೀನಿ."

"ಅಷ್ಟು ಸಪ್ಪೆಯಾಗಿ ಹೇಳಿದ್ರೆ ಯಾರು ನಂಬ್ತಾರೆ? ಸ್ವಲ್ಪ ಜೀವ ತುಂಬಿ ಹೇಳು."

"ಚೆನ್ನಾಗಿದ್ದೀನಿ ದೊಡ್ಡಮ್ಮ."

"ನಾನು ದೊಡ್ಡಮ್ಮ ಅಲ್ಲ, ಡಾಕ್ಟರು. ಊಟ?"

"ಮಾಡ್ತೀನಿ."

"ಸುಳ್ಳು. ಇರಲಿ, ಹಾಗೇ ಹೇಳು. ಮತ್ತೆ..." ದೊಡ್ಡಮ್ಮನ ದನಿ ಇಳಿಯಿತು. "ಮತ್ತೆ, ಆ ಥರ ಏನಾದ್ರೂ?"

"ಯಾವ ಥರ?"

"ಅದೇ ಥರ."

"ಇಲ್ಲ," ಎಂದಳು ಅಕ್ಕ.

"ನೋಡು, ಎಷ್ಟು ಸಲೀಸು." ದೊಡ್ಡಮ್ಮ ಕನ್ನಡಕ ತೆಗೆದಳು. ತಂಗಿಯೂ ನಿರಾಳವಾದಳು. ಪ್ರಶ್ನೆಯನ್ನೇ ಕೇಳದೆ ಉತ್ತರ ಪಡೆದದ್ದು ಅವಳಿಗೆ ಹೊಳೆಯಲಿಲ್ಲ.

ದೊಡ್ಡಾಸ್ಪತ್ರೆಯ ಆ ಕೋಣೆ ತಂಗಿ ಅಂದುಕೊಂಡ ಹಾಗಿರಲಿಲ್ಲ. ಕಿಟಕಿಗೆ ಕಂಬಿ ಇರಲಿಲ್ಲ. ಸದ್ದು ಮಾಡುವ ಒಂದು ಫ್ಯಾನು, ಅಕ್ಕಪಕ್ಕ ಹಾಕಿದ ಕುರ್ಚಿಗಳು, ನೀರಿನ ಜಗ್ಗು. ಹಸಿರು ಸ್ವೆಟರಿನ ನರ್ಸ್ ಒಬ್ಬಳು ಕುಳಿತಿದ್ದಳು. ಮೊದಲ ಮಾತೇ ಅಕ್ಕನಿಗೆ.

"ಮೊದಲು ನಾನು ಮಾತಾಡ್ತೀನಿ. ಡಾಕ್ಟರು ಆಮೇಲೆ ನೋಡ್ತಾರೆ. ನಿಮ್ಮ ಜೊತೆ ಒಳಗೆ ಯಾರು ಇರಬೇಕು? ಯಾರೂ ಬೇಡ ಅಂದ್ರೂ ಸರಿ."

"ತಂಗಿ ಇರಲಿ," ಎಂದಳು ಅಕ್ಕ.

ದೊಡ್ಡಮ್ಮ ಬಾಗಿಲಲ್ಲೇ ನಿಂತಳು. "ನಾನೂ ಮನೆಯವಳೇ."

"ನೀವು ಇಲ್ಲೇ ಬೆಂಚಿನ ಮೇಲೆ ಇರಿ, ಆಮೇಲೆ ನಿಮ್ಮ ಹತ್ರಾನೂ ಮಾತಾಡ್ಬೇಕು," ಎಂದಳು ನರ್ಸ್. ದೊಡ್ಡಮ್ಮ ತನ್ನ ಅಭಿಪ್ರಾಯಗಳನ್ನೆಲ್ಲ ಹೊತ್ತುಕೊಂಡು ಬೆಂಚಿಗೆ ಹೋದಳು.

"ಇಲ್ಲಿ ಹೇಳಿದ್ದನ್ನ ನಾವು ಊರಿಗೆಲ್ಲ ಹೇಳಲ್ಲ," ಎಂದು ನರ್ಸ್ ಮುಂದುವರಿಸಿದಳು. "ಯಾರದ್ದಾದ್ರೂ ಜೀವಕ್ಕೆ ಅಪಾಯ ಇದೆ ಅನ್ನಿಸಿದ್ರೆ ಮಾತ್ರ ಬೇಕಾದವರಿಗೆ ಹೇಳ್ಬೇಕಾಗುತ್ತೆ. ಆಗಲೂ ನಿಮಗೆ ತಿಳಿಸಿಯೇ ಹೇಳೋಕೆ ನೋಡ್ತೀನಿ. ಇದು ಮೊದಲೇ ಗೊತ್ತಿರಲಿ."

ನಿದ್ದೆ, ಊಟ, ಕೆಲಸ, ಎಲ್ಲ ಕೇಳಿದಳು. ಅಕ್ಕ ಮನೆಯಲ್ಲಿ ಕಲಿತದ್ದನ್ನು ಒಪ್ಪಿಸಿದಳು. ತಂಗಿ ಮನಸ್ಸಿನಲ್ಲೇ ಶಹಬ್ಬಾಸ್ ಅಂದಳು. ಆಮೇಲೆ ನರ್ಸ್ ಸ್ವಲ್ಪ ಮುಂದೆ ಬಾಗಿದಳು.

"ಮನಸ್ಸಿಗೆ ಇಷ್ಟು ಭಾರ ಆದಾಗ ಕೆಲವರಿಗೆ ಬದುಕೋದೇ ಬೇಡ ಅನ್ನಿಸುತ್ತೆ. ನಿಮಗೆ ಹಾಗೆ ಅನ್ನಿಸಿದೆಯಾ?"

"ಇಲ್ಲ, ಇಲ್ಲ," ಎಂದಳು ತಂಗಿ.

"ನಾನು ಅವರನ್ನ ಕೇಳಿದೆ," ಎಂದಳು ನರ್ಸ್. ದನಿಯಲ್ಲಿ ಸಿಟ್ಟಿರಲಿಲ್ಲ. ಅಕ್ಕನ ಕಡೆಗೇ ನೋಡುತ್ತಾ ಮತ್ತೆ ಕೇಳಿದಳು. "ಆತ್ಮಹತ್ಯೆ ಮಾಡ್ಕೋಬೇಕು ಅಂತ ಯೋಚನೆ ಬಂದಿದೆಯಾ?"

ತಂಗಿಯ ಕಿವಿ ಬಿಸಿಯಾಯಿತು. ಇಷ್ಟು ದಿನ ಮನೆಯಲ್ಲಿ ಯಾರೂ ಉಚ್ಚರಿಸದ ಪದವನ್ನು ಈ ಹೆಂಗಸು ನೀರು ಬೇಕಾ ಎಂದು ಕೇಳುವ ಹಾಗೆ ಕೇಳಿಬಿಟ್ಟಳಲ್ಲ. ಇಲ್ಲದ ಯೋಚನೆ ತಲೆಗೆ ತುಂಬಿದರೆ? ಇದಕ್ಕೇ ಕರೆದುಕೊಂಡು ಬಂದದ್ದೇ?

"ಹೀಗೆಲ್ಲ ಕೇಳಬಹುದಾ ನೀವು? ಕೇಳಿ ಕೇಳಿ ನೀವೇ ನೆನಪು ಮಾಡ್ಕೊಟ್ಟ ಹಾಗಾಗಲ್ವಾ?"

"ಎಲ್ಲರೂ ಹಾಗೇ ಹೆದರ್ತಾರೆ. ಕೇಳಿದ್ರಿಂದ ಆ ಯೋಚನೆ ಹುಟ್ಟಲ್ಲ. ಇದ್ರೆ, ಹೇಳ್ಕೊಳ್ಳೋಕೆ ಒಂದು ದಾರಿ ಆಗುತ್ತೆ. ಇಲ್ಲದಿದ್ರೆ ಇಲ್ಲ ಅಂತಾರೆ, ಮುಂದಿನ ಮಾತಿಗೆ ಹೋಗ್ತೀವಿ. ಸುತ್ತಿ ಬಳಸಿ ಕೇಳಿದ್ರೆ ಉತ್ತರಾನೂ ಸುತ್ತಿ ಬಳಸೇ ಬರುತ್ತೆ."

ತಂಗಿಗೆ ಅರ್ಥವಾಯಿತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಅಕ್ಕನ ಕಡೆ ತಿರುಗಿದಳು. ಮನೆಯಲ್ಲಿ ಸಲೀಸಾಗಿ ಬಂದ "ಇಲ್ಲ" ಇಲ್ಲಿ ಬರಲಿಲ್ಲ. ಅಕ್ಕ ತುಟಿ ಬಿಗಿದು, ಕಣ್ಣನ್ನು ಎದುರಿನ ಗೋಡೆಯ ಮೇಲೆ ನೆಟ್ಟು, ಉಸಿರನ್ನೂ ಸಣ್ಣದಾಗಿ ಆಡುತ್ತಾ ಕುಳಿತಿದ್ದಳು. ಬೇರೆ ಯಾರಾದರೂ ಆ ಮೌನವನ್ನು ಇಲ್ಲ ಎಂದೋ, ಹಟ ಎಂದೋ ಅಂದುಕೊಳ್ಳಬಹುದಿತ್ತು. ತಂಗಿಗೆ ಆ ಮುಖ ಗೊತ್ತಿತ್ತು. ತಟ್ಟೆಯಲ್ಲಿ ಸಾಮಾನು ಇದ್ದಾಗ, ಗಿರಾಕಿ ಅವಸರ ಮಾಡುವಾಗ, ಅಕ್ಕ ಹೀಗೇ ಕೂರುತ್ತಿದ್ದಳು.

"ಅವಳು ಕಾಯ್ತಿದಾಳೆ," ಎಂದು ತಂಗಿಯ ಬಾಯಿಂದ ಬಂದೇಬಿಟ್ಟಿತು.

"ಏನಕ್ಕೆ?"

"ಮುಳ್ಳು ನಿಲ್ಲಲಿ ಅಂತ. ನಮ್ಮದು ತಕ್ಕಡಿ ಅಂಗಡಿ. ಓಲಾಡ್ತಿರುವಾಗ ತೂಕ ಹೇಳಬಾರದು ಅಂತ ನಮ್ಮಪ್ಪ..." ಹೇಳುತ್ತಾ ಹೇಳುತ್ತಾ ತಂಗಿಗೆ ಹೊಳೆಯಿತು. ಓಲಾಡುತ್ತಿದೆ ಎಂದರೆ, ತಟ್ಟೆಯಲ್ಲಿ ಏನೋ ಇದೆ ಎಂದೇ ಅರ್ಥವಲ್ಲವೇ.

ನರ್ಸ್ ಅಕ್ಕನಿಗೆ ಹೇಳಿದಳು: "ಇಲ್ಲಿ ಆ ನಿಯಮ ಬೇಡ. ನಿಂತ ಮೇಲೆ ಹೇಳ್ತೀನಿ ಅಂತ ಕಾದ್ರೆ ತಡ ಆಗಬಹುದು. ಎಲ್ಲಿಂದ ಎಲ್ಲಿಗೆ ಓಲಾಡ್ತಿದೆ, ಅಷ್ಟು ಹೇಳಿ ಸಾಕು."

ಅಕ್ಕ ಗೋಡೆಯಿಂದ ಕಣ್ಣು ಕಿತ್ತಳು. ಆಮೇಲೆ ಮಾತಾಡಿದಳು.

"ಬೆಳಿಗ್ಗೆ ಏಳುವಾಗ ಬೇಡ ಅನ್ನಿಸುತ್ತೆ. ಯಾವುದೂ ಬೇಡ. ಮಧ್ಯಾಹ್ನ ಇವಳು ಚಹಾ ತಂದುಕೊಟ್ಟಾಗ, ಇರಲಿ, ಇವತ್ತು ಇರೋಣ ಅನ್ನಿಸುತ್ತೆ. ಸಂಜೆ ಮತ್ತೆ ಆ ಕಡೆ ಹೋಗುತ್ತೆ. ಯಾವುದು ನನ್ನ ನಿಜವಾದ ಉತ್ತರ ಅಂತ ಗೊತ್ತಿಲ್ಲ. ಅದಕ್ಕೆ ಏನೂ ಹೇಳಲಿಲ್ಲ."

"ಎರಡೂ ನಿಜ," ಎಂದಳು ನರ್ಸ್. "ಹೇಳಿದ್ದು ಒಳ್ಳೇದಾಯ್ತು."

ತಂಗಿ ಅಕ್ಕನ ಕೈ ಹಿಡಿದುಕೊಂಡಳು. ಯಾಕೆ ಇಷ್ಟು ದಿನ ತನಗೆ ಕಾಣಲಿಲ್ಲ ಎಂದು ಅಳು ಬಂತು. ಅಳಬಾರದು ಎಂದೂ ಅನ್ನಿಸಿತು.

ಪ್ರಶ್ನೆಗಳು ಮುಂದುವರಿದವು. ಹೇಗೆ, ಯಾವಾಗ ಎಂದು ಯೋಚಿಸಿದ್ದೀರಾ? ಅದಕ್ಕೆ ಬೇಕಾದದ್ದು ಕೈಗೆ ಸಿಗುವ ಹಾಗಿದೆಯಾ? ಹಿಂದೆ ಯಾವಾಗಲಾದರೂ ಪ್ರಯತ್ನ ಮಾಡಿದ್ದೀರಾ? ಬೇರೆಯವರಿಗೆ ನೋವು ಮಾಡಬೇಕು ಅನ್ನಿಸಿದೆಯಾ? ಇಲ್ಲಿಯ ತನಕ ನಿಮ್ಮನ್ನು ಹಿಡಿದು ನಿಲ್ಲಿಸಿದ್ದು ಏನು? ತಂಗಿಗೆ ಪೊಲೀಸು ಸ್ಟೇಷನ್ನಿನಲ್ಲಿ ಕುಳಿತ ಹಾಗೆ ಅನ್ನಿಸಿತು. ಆದರೆ ಅಕ್ಕನ ಹೆಗಲು ಒಂದೊಂದು ಉತ್ತರಕ್ಕೂ ಇಷ್ಟಿಷ್ಟೇ ಇಳಿಯುತ್ತಿತ್ತು. ಅದು ಹೇಗೆ?

ಆಮೇಲೆ ನರ್ಸ್, "ಸ್ವಲ್ಪ ಹೊತ್ತು ಹೊರಗಿರಿ," ಎಂದು ತಂಗಿಯನ್ನೂ ಕಳಿಸಿದಳು.

"ನೋಡಿದ್ಯಾ," ಎಂದಳು ಬೆಂಚಿನ ಮೇಲೆ ದೊಡ್ಡಮ್ಮ. "ಮನೆಯವರನ್ನ ಹೊರಗೆ ಹಾಕಿದ್ರೆ ಇನ್ನೇನು, ಬೀಗ ಹಾಕೋದೇ."

ಬೀಗ ಬೀಳಲಿಲ್ಲ. ಬಾಗಿಲು ತೆರೆದು ನರ್ಸ್ ಇಬ್ಬರನ್ನೂ ಒಳಗೆ ಕರೆದಳು. ಅಕ್ಕ ನೀರು ಕುಡಿಯುತ್ತಿದ್ದಳು. "ಮನೆಯಲ್ಲಿ ಯಾರಾದ್ರೂ ಹೊಡೀತಾರಾ, ಹೆದರಿಸ್ತಾರಾ ಅಂತ ಒಬ್ಬರೇ ಇದ್ದಾಗ ಕೇಳ್ತೀವಿ. ಎಲ್ಲರನ್ನೂ ಕೇಳ್ತೀವಿ, ಬೇಜಾರು ಮಾಡ್ಕೋಬೇಡಿ," ಎಂದಳು ನರ್ಸ್.

"ನಾನು ಹೊಡೀತೀನಾ?" ಎಂದಳು ದೊಡ್ಡಮ್ಮ.

"ತಲೆ ತಿನ್ನುತ್ತೀಯ," ಎಂದಳು ಅಕ್ಕ. ಎಷ್ಟು ದಿನದ ಮೇಲೆ ಕೇಳಿದ ಕುಚೋದ್ಯವೋ. ತಂಗಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

"ಇವಳನ್ನ ಇಟ್ಕೋತೀರಾ?" ದೊಡ್ಡಮ್ಮ ನೇರವಾಗಿ ಕೇಳಿದಳು.

"ಯೋಚನೆ ಬಂತು ಅಂದವರನ್ನೆಲ್ಲ ಇಟ್ಕೊಂಡ್ರೆ ಈ ಕಟ್ಟಡ ಸಾಲಲ್ಲಮ್ಮ. ಮನೆಯಲ್ಲಿ ಸುರಕ್ಷಿತವಾಗಿ ಇರೋಕಾಗಲ್ಲ ಅನ್ನೋ ಪರಿಸ್ಥಿತಿ ಇದ್ರೆ ಕೆಲವು ದಿನ ಇಲ್ಲಿರಿ ಅಂತೀವಿ, ಅದೂ ಕಾಪಾಡೋಕೆ. ಯಾರಿಗೆ ಎಷ್ಟು ಆಸರೆ ಬೇಕು ಅಂತ ತಿಳ್ಕೊಳ್ಳೋಕೇ ಈ ಪ್ರಶ್ನೆಗಳು. ಇವರು ಮನೆಗೆ ಹೋಗಬಹುದು ಅಂತ ನನಗೆ ಅನ್ನಿಸ್ತಿದೆ. ಡಾಕ್ಟರೂ ನೋಡಿ ಹೇಳ್ತಾರೆ. ಆದ್ರೆ ಹೋಗೋ ಮೊದಲು ನಾವು ನಾಲ್ಕೂ ಜನ ಒಂದು ಮಾತಿಗೆ ಬರಬೇಕು."

ಒಬ್ಬೊಬ್ಬರ ಬಾಯಲ್ಲೂ ಹೇಳಿಸಿದಳು. ಮನಸ್ಸು ಆ ಕಡೆ ವಾಲುತ್ತಿದೆ ಎಂದು ಮೊದಲು ಹೇಗೆ ಗೊತ್ತಾಗುತ್ತದೆ? ಕೈ ತಣ್ಣಗಾಗುತ್ತೆ, ಒಬ್ಬಳೇ ಕೂರಬೇಕು ಅನ್ನಿಸುತ್ತೆ, ಎಂದಳು ಅಕ್ಕ. ಆಗ ಏನು ಮಾಡಬಹುದು? ಎದ್ದು ಬೀದಿಗೆ ಬರಬಹುದು, ಬೇಕರಿಯ ಮುಂದೆ ನಿಲ್ಲಬಹುದು. ಯಾರಿಗೆ ಹೇಳಬಹುದು? ತಂಗಿಗೆ. ತಂಗಿ ಸಿಗದಿದ್ದರೆ? ಅಕ್ಕ ದೊಡ್ಡಮ್ಮನ ಕಡೆ ನೋಡಿದಳು. ದೊಡ್ಡಮ್ಮನ ಹತ್ತಿರ ಆ ಗಳಿಗೆಯಲ್ಲಿ ಒಂದು ಅಭಿಪ್ರಾಯವೂ ಇರಲಿಲ್ಲ. ಯಾರೂ ಸಿಗದಿದ್ದರೆ? ಸಹಾಯವಾಣಿ, ಇಲ್ಲವೇ ಇದೇ ಆಸ್ಪತ್ರೆಯ ತುರ್ತು ವಿಭಾಗ, ಯಾವ ಹೊತ್ತಾದರೂ.

ಕೊನೆಯದು ಒಂದು ವಸ್ತು. ಅಕ್ಕನ ಯೋಚನೆಯಲ್ಲಿ ಸುಳಿಯುತ್ತಿದ್ದದ್ದು, ಅಂಗಡಿಯಲ್ಲೇ ಇದ್ದದ್ದು, ಕೆಲಸಕ್ಕೆ ಬೇಕಾದದ್ದೇ. ಅದೇನೆಂದು ಈ ಕಥೆ ಹೇಳುವುದಿಲ್ಲ. ನಿಮಗೆ ಅದು ಬೇಕಾಗಿಯೂ ಇಲ್ಲ.

"ಅದು ಸದ್ಯ ಇವರ ಕೈಗೆ ಸಿಗಬಾರದು," ಎಂದಳು ನರ್ಸ್. "ಬಚ್ಚಿಡೋದಲ್ಲ. ಮನೆ, ಅಂಗಡಿ, ಎರಡರಿಂದಲೂ ಆಚೆ ಹೋಗಬೇಕು. ಆ ಯೋಚನೆ ಜೋರಾಗಿ ಬರೋ ಹೊತ್ತು ಕಳೆದುಹೋಗುತ್ತೆ. ಕಳೆಯೋ ತನಕ ಕೈಗೆ ಏನೂ ಸಿಗದಿದ್ರೆ ಜೀವ ಉಳಿಯುತ್ತೆ. ಯಾರು ಮಾಡ್ತೀರಿ, ಯಾವಾಗ?"

"ನಾನು. ಇವತ್ತೇ, ಕತ್ತಲಾಗೋ ಮೊದಲು ನಮ್ಮ ಬೀದಿಯ ತಗಡಿನಂಗಡಿಯವರ ಹತ್ರ ಕೊಟ್ಟುಬರ್ತೀನಿ," ಎಂದು ತಂಗಿ ಮಾತು ಕೊಟ್ಟಳು.

ಡಾಕ್ಟರರು ನೋಡಿದರು, ಔಷಧಿ ಕೊಟ್ಟರು, ಅದು ತಂಗಿಯ ಕೈಯಲ್ಲೇ ಇರಲಿ ಎಂದರು, ವಾರದೊಳಗೆ ಮತ್ತೆ ಬನ್ನಿ ಎಂದರು. ಬಸ್ಸಿನಲ್ಲಿ ಅಕ್ಕ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು. ದೊಡ್ಡಮ್ಮ ಪಿಸುಗುಟ್ಟಿದಳು.

"ಅದನ್ನ ತೆಗೆದುಬಿಟ್ರೆ ಕೆಲಸ ಹೇಗೆ ನಡೆಯುತ್ತೆ? ನನ್ನ ಟ್ರಂಕಿನಲ್ಲಿ ಇಟ್ಕೋತೀನಿ."

"ಮನೆಯಲ್ಲಿ ಇರಬಾರದು ಅಂದ್ರಲ್ಲ."

"ಎದುರಿಗೇ ತಗೊಂಡು ಹೋದ್ರೆ ಅವಳಿಗೆ ಅವಮಾನ ಆಗಲ್ವಾ? ನಂಬಿಕೆ ಇಲ್ಲ ಅಂದುಕೊಳ್ಳಲ್ವಾ?"

ತಂಗಿಗೂ ಇರಬಹುದೇನೋ ಅನ್ನಿಸಿತು. ನರ್ಸಿನ ಕೋಣೆಯಲ್ಲಿ ಸ್ಪಷ್ಟವಾಗಿದ್ದದ್ದು ಬಸ್ಸಿನ ಕುಲುಕಾಟಕ್ಕೆ ಕದಡಿಹೋಗಿತ್ತು. ಅಂಗಡಿ ಬಾಗಿಲು ತೆಗೆಯುವುದಕ್ಕೂ ತರಕಾರಿಯವನು ತಕ್ಕಡಿ ಹೊತ್ತುಕೊಂಡು ಬರುವುದಕ್ಕೂ ಸರಿಹೋಯಿತು. ಅದರ ಕೊಂಡಿ ಜಾಮಾಗಿತ್ತು. ಬಿಡಿಸುವುದಕ್ಕೆ ಆ ವಸ್ತುವೇ ಬೇಕು. ಇದೊಂದು ಮುಗಿಸಿಬಿಡೋಣ ಎಂದುಕೊಂಡಳು ತಂಗಿ. ನಾಳೆ ಬೆಳಿಗ್ಗೆ ಕೊಟ್ಟರೂ ಆಗುತ್ತದೆಯೇನೋ ಎಂದೂ ಅನ್ನಿಸಿತು. ಬಿಸಿಲು ಬೀದಿ ಬಿಟ್ಟು ಎದುರು ಗೋಡೆಗೆ ಏರಿತ್ತು. ಅವಳು ವಸ್ತುವಿಗೆ ಕೈ ಚಾಚಿದಳು. ತಿರುಗಿದರೆ, ಅಕ್ಕ ಮೂಲೆಯ ಸ್ಟೂಲಿನ ಮೇಲೆ ಕುಳಿತು ಅದನ್ನೇ ನೋಡುತ್ತಿದ್ದಳು. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು.

ತಂಗಿ ಅವಳ ಮುಂದೆ ಹೋಗಿ ಕುಕ್ಕುರುಗಾಲಲ್ಲಿ ಕುಳಿತಳು. ಸುತ್ತಿ ಬಳಸಲಿಲ್ಲ.

"ಅಕ್ಕಾ, ಈಗ ಆ ಕಡೆ ಹೋಗ್ತಿದೆಯಾ?"

"ಹ್ಞೂಂ. ಸ್ವಲ್ಪ."

"ಇದನ್ನ ತಗೊಂಡು ಹೋದ್ರೆ ನಿನಗೆ ಬೇಜಾರಾ?"

"ಇಲ್ಲ." ಅಕ್ಕ ಉಗುಳು ನುಂಗಿದಳು. "ಬೇಗ ತಗೊಂಡು ಹೋಗು. ಅದು ಇಲ್ಲದಿದ್ರೆ ನಾನು ಅದರ ಕಾವಲು ಕಾಯೋದು ತಪ್ಪುತ್ತೆ."

ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ಅದನ್ನು ಕೇಳಿಸಿಕೊಂಡಳು. ತರಕಾರಿಯವನ ಕಡೆ ತಿರುಗಿ, "ನಿನ್ನ ತಕ್ಕಡಿ ನಾಳೆ ಕೊಡ್ತೀವಿ, ಇವತ್ತು ಬೇಕರಿಯಮ್ಮನ ಹತ್ರ ಒಂದು ಕೇಳಿ ಇಸ್ಕೋ," ಎಂದು ಕಳಿಸಿಬಿಟ್ಟಳು. ಆಮೇಲೆ ಸ್ಟೂಲಿನ ಪಕ್ಕ ನೆಲದ ಮೇಲೆ, ಮಂಡಿ ನೋವನ್ನು ಬೈಯುತ್ತಾ, ಕುಳಿತಳು. ಅಕ್ಕನ ಮಂಡಿಯ ಮೇಲೆ ಕೈಯಿಟ್ಟಳು. "ಸಾಯಬೇಕು ಅನ್ನಿಸುತ್ತಾ ನಿನಗೆ, ಮಗಳೇ?"

"ಒಂದೊಂದು ಸಲ."

"ಅನ್ನಿಸಿದಾಗ ನನ್ನನ್ನ ಎಬ್ಬಿಸು. ಬುದ್ಧಿ ಹೇಳಲ್ಲ. ಸುಮ್ಮನೆ ಕೂತಿರ್ತೀನಿ." ತಂಗಿಯ ಕಡೆ ನೋಡಿದಳು. "ನೀನಿನ್ನೂ ಇಲ್ಲೇ ಇದ್ದೀಯಾ? ಹೋಗು. ನೀನು ಬರೋ ತನಕ ನಾನು ಏಳಲ್ಲ. ಏಳೋಕೂ ಆಗಲ್ಲ."

"ತಗಡಿನಂಗಡಿಯವರಿಗೆ ಏನು ಅಂತ ಹೇಳಲಿ?" ತಂಗಿ ಅಕ್ಕನನ್ನು ಕೇಳಿದಳು.

"ನಿಜ ಹೇಳು. ಅರ್ಧ ಸಾಕು."

ತಂಗಿ ಚೀಲ ಹಿಡಿದು ಬೀದಿಗಿಳಿದಳು. ಅವಳು ನಡೆಯುತ್ತಿರಲಿ, ಅಷ್ಟರಲ್ಲಿ ಓದುತ್ತಿರುವ ನಿಮಗೆ, ಕೇಳಿಸಿಕೊಳ್ಳುತ್ತಿರುವ ನಿಮಗೆ ಒಂದು ಮಾತು. ನಿಮ್ಮವರನ್ನು ಆಸ್ಪತ್ರೆಯಲ್ಲಿ ಇಂಥ ಪ್ರಶ್ನೆ ಕೇಳಿದರೆ ಹೆದರಬೇಡಿ, ಅವರ ಬದಲು ನೀವು ಉತ್ತರಿಸಬೇಡಿ, ಸುಳ್ಳು ಉತ್ತರ ಕಲಿಸಿ ಕಳಿಸಬೇಡಿ. ನಿಮ್ಮನ್ನೇ ಕೇಳಿದರೆ, ಉತ್ತರ ಖಚಿತವಾಗಲಿ ಎಂದು ಕಾಯಬೇಡಿ; ಗೊಂದಲ ಇದ್ದರೆ ಗೊಂದಲವನ್ನೇ ಹೇಳಿ. ಮನೆಯಲ್ಲಿ ಯಾರಾದರೂ ಕುಗ್ಗಿದ್ದರೆ, ತಮ್ಮ ಪ್ರೀತಿಯ ವಸ್ತುಗಳನ್ನು ಹಂಚುತ್ತಿದ್ದರೆ, ನಾನಿಲ್ಲದಿದ್ದರೂ ಎಂದು ಮಾತಾಡುತ್ತಿದ್ದರೆ, ಪಕ್ಕ ಕುಳಿತು ನೇರವಾಗಿ ಕೇಳಿ. ಹೌದು ಎಂದರೆ ಬೈಯಬೇಡಿ, ಒಬ್ಬರನ್ನೇ ಬಿಡಬೇಡಿ, ಅಪಾಯ ಮಾಡಬಹುದಾದದ್ದನ್ನು ದೂರ ಇಡಿ. ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇಲ್ಲವೇ ನಿಮ್ಮ ಊರಿನ ಸಹಾಯವಾಣಿಗೆ ಫೋನ್ ಮಾಡಿ. ನಾಳೆ ಅಲ್ಲ, ಇವತ್ತೇ.

ತಗಡಿನಂಗಡಿಯವನು ಬಕೆಟ್ಟಿನ ತಳಕ್ಕೆ ಸುತ್ತಿಗೆ ಹೊಡೆಯುತ್ತಿದ್ದ. ಅವಳನ್ನು ಕಂಡು ನಿಲ್ಲಿಸಿದ. ಬೀದಿಯಲ್ಲಿ ಇನ್ನೂ ಬೆಳಕಿತ್ತು.

"ಇದನ್ನ ನಿಮ್ಮ ಹತ್ರ ಇಟ್ಕೋಬೇಕು," ಎಂದು ತಂಗಿ ಚೀಲ ಚಾಚಿದಳು. "ಬೀಗ ಹಾಕಿ ಇಡಿ. ಕೆಲಸಕ್ಕೆ ಬೇಕಾದ್ರೆ ನಾನೇ ಬಂದು ಇಲ್ಲೇ ಮಾಡ್ಕೊಂಡು ಹೋಗ್ತೀನಿ. ಮನೆಗೆ ಮಾತ್ರ ಯಾರು ಕೇಳಿದ್ರೂ ಕೊಡಬೇಡಿ. ಅಕ್ಕನಿಗೆ ಹುಷಾರಿಲ್ಲ."

ಅವನು ಚೀಲವನ್ನು ನೋಡಿದ, ಅವಳ ಮುಖವನ್ನು ನೋಡಿದ. ಚೀಲ ತೆಗೆದುಕೊಂಡು ಒಳಗೆ ಹೋದ. ಕಬ್ಬಿಣದ ಬೀರುವಿನ ಬಾಗಿಲು ಕಿರುಗುಟ್ಟಿತು, ಬೀಗದ ಸದ್ದು ಕೇಳಿಸಿತು.

"ಆಯ್ತು," ಎಂದ ಅವನು, ಖಾಲಿ ಕೈಯಲ್ಲಿ ಹೊರಗೆ ಬಂದು.